ಕೆರೆಕಟ್ಟೆಯ ಗುಂಡಿಗೆ ಇಳಿಬಿಟ್ಟ ದೀಪ

ಡಿಸೆಂಬರ್ ಕೊನೆಯ ವಾರದ ಮಂಗಳವಾರ, ಬೆಳಗಿನ ಆರೂಕಾಲರ ಬಸ್ಸಿಗೆ ಶಿವಮೊಗ್ಗ ಬಿಟ್ಟೆ. ಹೆಗಲಲ್ಲಿ ಒಂದು ಬಟ್ಟೆ ಚೀಲ, ತೊಡೆಯ ಮೇಲೆ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ. ಡಬ್ಬಿಯೊಳಗೆ ವೋಲ್ಟೇಜ್ ಅಳೆಯುವ ಮೀಟರು, ತಂತಿ, ಇಕ್ಕಳ ಮತ್ತು ಬೇರೆ ಬೇರೆ ಬಣ್ಣದ ಕಡಲೆಕಾಳಿನಷ್ಟು ಸಣ್ಣ ಎಲ್‌ಇಡಿ ಬಲ್ಬುಗಳಿದ್ದವು. ಕಂಡಕ್ಟರ್ ಟಿಕೆಟ್ ಹರಿಯುತ್ತಾ, "ಎಂತ ಮೇಡಂ, ಚಕ್ಕುಲಿಯಾ?" ಎಂದು ಡಬ್ಬಿಯತ್ತ ಕಣ್ಣು ಹಾಯಿಸಿದ. "ಕರೆಂಟು" ಎಂದೆ. ಅವನು ಮುಂದಿನ ಸೀಟಿಗೆ ಹೋಗಿಬಿಟ್ಟ.

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಘಾಟಿಯ ತಿರುವಿನಲ್ಲಿ ಕಣ್ಣು ಮುಚ್ಚಿಕೊಳ್ಳುತ್ತೇನೆ. ಕಾಡಂಚಿನ ಊರಿಗೆ ಹೋಗಿ ಬಂದರೆ ಮಂಗನ ಕಾಯಿಲೆ ತರುವ ಉಣುಗು ಕಚ್ಚಿದೆಯೇ ಎಂದು ಮೈಯೆಲ್ಲ ಹುಡುಕಿಕೊಳ್ಳುತ್ತೇನೆ. ಆನೆಯ ಚಿತ್ರವಿರುವ ಅರಣ್ಯ ಇಲಾಖೆಯ ಹಳದಿ ಬೋರ್ಡು ಕಂಡರೆ ಸಾಕು, ಕಿಟಕಿ ಎಳೆದುಕೊಳ್ಳುತ್ತೇನೆ, ಗಾಜು ಆನೆಯನ್ನು ತಡೆಯುತ್ತದೆ ಎನ್ನುವ ಹಾಗೆ. ಇಂಥವಳು ವರ್ಷಕ್ಕೆ ನಾಲ್ಕು ಸಲ ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ಎಂದು ಸುತ್ತುವುದಕ್ಕೆ ಕಾರಣ ನನ್ನ ಒಂದು ಹುಚ್ಚು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುವ ನನಗೆ ಕೊಳೆಯಿಂದ ಕರೆಂಟು ತೆಗೆಯುವ ಹುಚ್ಚು ಹಿಡಿದು ಆರು ವರ್ಷವಾಯಿತು.

ವಿಷಯ ಸುಲಭದ್ದೇ. ಸೆಗಣಿಯಾಗಲಿ, ಕಾಫಿ ಹಣ್ಣಿನ ಸಿಪ್ಪೆಯಾಗಲಿ, ಗದ್ದೆಯ ಕೆಸರಾಗಲಿ, ಗಾಳಿ ತಾಗದ ತಳದಲ್ಲಿ ಬದುಕುವ ಸೂಕ್ಷ್ಮಜೀವಿಗಳು ಅದರಲ್ಲಿರುತ್ತವೆ. ಅವು ಕೊಳೆಯನ್ನು ತಿನ್ನುವಾಗ ಎಲೆಕ್ಟ್ರಾನುಗಳನ್ನು ಹೊರಬಿಡುತ್ತವೆ. ತಳದಲ್ಲಿ ಒಂದು ಇದ್ದಿಲಿನ ಚೀಲ ಮುಳುಗಿಸಿಟ್ಟರೆ ಅದಕ್ಕೆ ಅಂಟಿಕೊಂಡು ಅಲ್ಲಿಗೇ ಒಪ್ಪಿಸುತ್ತವೆ. ಇನ್ನೊಂದು ಇದ್ದಿಲಿನ ಚೀಲವನ್ನು ಮೇಲೆ, ಗಾಳಿ ತಾಗುವಲ್ಲಿ ಇಟ್ಟು ಎರಡಕ್ಕೂ ತಂತಿ ಎಳೆದರೆ ಕರೆಂಟು ಹರಿಯುತ್ತದೆ. ಹರಿಯುವುದು ತೀರ ಕಡಿಮೆ. ಒಂದು ಗುಂಡಿಯಿಂದ ಒಂದು ಸಣ್ಣ ಬಲ್ಬು ಉರಿದರೆ ಅದೇ ನಮಗೆ ಹಬ್ಬ. ಅದನ್ನು ಹೆಚ್ಚು ಮಾಡಲು ಮುತ್ತಿನಕೊಪ್ಪದ ಗದ್ದೆ, ಜಯಪುರದ ಕಾಫಿ ತೊಳೆಯುವ ತೊಟ್ಟಿ, ಕೆರೆಕಟ್ಟೆಯ ಹಳೆಯ ಗೋಬರ್ ಗ್ಯಾಸ್ ಗುಂಡಿ ಈ ಮೂರು ಕಡೆ ಪ್ರಯೋಗ ಇಟ್ಟಿದ್ದೆ. ತಳಕ್ಕೆ ಗಾಳಿ ಹೋಗಬಾರದು ಎನ್ನುವುದನ್ನು ಮೂರೂ ಕಡೆ ಜಪದಂತೆ ಹೇಳಿ ಬಂದಿದ್ದೆ.

ಮುತ್ತಿನಕೊಪ್ಪದಲ್ಲಿ ಇಳಿದಾಗ ಮಂಜು ಇನ್ನೂ ಕರಗಿರಲಿಲ್ಲ. ಗದ್ದೆಯ ಪ್ರಯೋಗ ನೋಡಿಕೊಳ್ಳುವ ಗಿರಿಜಮ್ಮ ಕೂಲಿ ಕೆಲಸಕ್ಕೆ ಹೋಗುವ ಮುಂಚೆ ನನಗಾಗಿ ಕಾದಿದ್ದರು. ಕೊಯ್ಲು ಮುಗಿದು ಗದ್ದೆ ಒಣಗುತ್ತಿತ್ತು, ಕೆಸರು ಬಿರಿದರೆ ಕರೆಂಟು ಸತ್ತಂತೆ. ಆದರೆ ಮೀಟರಿನ ಮುಳ್ಳು ಅಲ್ಲಾಡಿತು. ಗಿರಿಜಮ್ಮ ದಿನಾ ಸಂಜೆ ಒಂದು ಕೊಡ ನೀರು ತಂದು ಅಲ್ಲಿಗೆ ಹೊಯ್ಯುತ್ತಿದ್ದರಂತೆ. "ಅದಕ್ಕೂ ಬಾಯಾರ್ತದಲ್ಲ ಮೇಡಂ" ಎಂದರು. ನಾನು ಅದನ್ನು ಪುಸ್ತಕದಲ್ಲಿ ಬರೆದುಕೊಂಡೆ.

ಆಮೇಲೆ ಅವರು ಗದ್ದೆಯ ಬದುವಿನಲ್ಲಿ ಬೋಗುಣಿಯಷ್ಟು ದೊಡ್ಡ ತಗ್ಗೊಂದನ್ನು ತೋರಿಸಿದರು. ಮೊನ್ನೆ ಆನೆ ದಾಟಿದ ಹೆಜ್ಜೆ. ನಾನು ಡಬ್ಬಿ ಮುಚ್ಚಿ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ. ಗಿರಿಜಮ್ಮ ನಕ್ಕರು. "ನಾವು ಕಂಡದ್ದಕ್ಕೆ ಹೆದರ್ತೀವಿ. ನೀವು ಕಾಣದ್ದಕ್ಕೂ ಹೆದರ್ತೀರಿ ಮಾರಾಯ್ತಿ" ಎಂದರು. ಮರುದಿನ ಈ ಮಾತು ನನ್ನನ್ನು ಇಡೀ ದಾರಿ ಕಾಡಿತು.

ರಾತ್ರಿ ನರಸಿಂಹರಾಜಪುರದ ಲಾಡ್ಜೊಂದರಲ್ಲಿ ಉಳಿದು, ಬುಧವಾರ ಬೆಳಿಗ್ಗೆ ಕೊಪ್ಪದ ಬಸ್ಸು ಹಿಡಿದೆ. ಕೊಪ್ಪದಲ್ಲಿ ಎರಡು ಬನ್ಸ್ ತಿಂದು, ಕಾಫಿ ಕುಡಿದು, ಇನ್ನೊಂದು ಖಾಸಗಿ ಬಸ್ಸಿನಲ್ಲಿ ಜಯಪುರ ಸೇರುವಾಗ ಒಂಬತ್ತೂವರೆ. ಬಿಸಿಲು ಚುರುಗುಟ್ಟುತ್ತಿತ್ತು. ಪೇಟೆಗೆ ಹತ್ತಿರವೇ ಇರುವ ಕಾಫಿ ಬೆಳೆಗಾರ ಶ್ರೀಧರಮೂರ್ತಿಯವರ ಕಣದಲ್ಲಿ ಹಣ್ಣು ಸುಲಿಯುವ ಮೆಷಿನ್ ಗದ್ದಲ ಮಾಡುತ್ತಿತ್ತು. ಕಾಫಿ ತೊಳೆದ ನೀರು ಹುಳಿ, ಆ ಹುಳಿಗೆ ನನ್ನ ಸೂಕ್ಷ್ಮಜೀವಿಗಳು ಸಾಯುತ್ತಿದ್ದವು. ಕಳೆದ ಸಲ ಒಲೆಯ ಬೂದಿ ಬೆರೆಸಿ ನೋಡಿ ಎಂದಿದ್ದೆ. ಬೆರೆಸಿದ್ದರು, ಕರೆಂಟು ಏರಿತ್ತು.

"ನಿಮ್ಮ ಕರೆಂಟಲ್ಲಿ ನನ್ನ ಮೊಬೈಲ್ ಚಾರ್ಜ್ ಆಗೋದು ಯಾವ ಕಾಲಕ್ಕೆ ಮೇಡಂ?" ಎಂದು ಶ್ರೀಧರಮೂರ್ತಿ ಎಂದಿನಂತೆ ಕಾಲೆಳೆದರು. ಅವರ ಮನೆಯ ವೈಫೈ ಸಿಕ್ಕಿ ನನ್ನ ಫೋನು ಗುಯ್ಯೆಂದದ್ದು ಆಗಲೇ. ಕೆರೆಕಟ್ಟೆಯ ನಾಗೇಶಣ್ಣನ ಧ್ವನಿ ಸಂದೇಶ ಬಂದಿತ್ತು. ಅವರು ಒಂದೂವರೆ ಎಕರೆಯ ರೈತ, ಬಿಡುವಿದ್ದಾಗ ಕಾಡಿನ ಕೂಲಿ ಕೆಲಸ, ಹೆಂಡತಿ ಸುಶೀಲ ಎಸ್ಟೇಟಿನ ಕೂಲಿಗೆ ಹೋಗುತ್ತಾಳೆ. ಮನೆಯಲ್ಲಿ ಫೋನು ಸಿಗುವುದಿಲ್ಲ, ರಸ್ತೆಯ ತಿರುವಿಗೆ ಹತ್ತಿ ಬಂದು ಕಳಿಸಬೇಕು. ಬೆಳಿಗ್ಗೆ ಏಳಕ್ಕೆ ಕಳಿಸಿದ್ದರು. ಶ್ರೀಧರಮೂರ್ತಿಯವರಿಗೂ ಕೇಳಲಿ ಎಂದು ಜೋರಾಗಿಯೇ ಹಾಕಿದೆ.

"ಮೇಡಂ, ಮೀಟರು ವಾರದಿಂದ ಇಳೀತಾ ಇದೆ. ಇದ್ದಿಲಿನ ಚೀಲಕ್ಕೆ ರಾಡಿ ಗಟ್ಟಿಯಾಗಿ ಹಿಡಿದಿದೆ ಅಂತ ಕಾಣ್ತದೆ. ಇವತ್ತು ನಾನೇ ಕೆಳಗೆ ಇಳಿದು ಕೆರೆದು ಬಿಡ್ತೀನಿ. ಹೆದರಿಕೆ ಎಂತದ್ದೂ ಇಲ್ಲ. ನಮ್ಮಪ್ಪ ಬಾವಿಗೆ ಇಳಿಯೋ ಮುಂಚೆ ದೀಪ ಬಿಟ್ಟು ನೋಡ್ತಿದ್ದ, ಆರಿದ್ರೆ ಇಳೀತಿರಲಿಲ್ಲ. ನಾನೂ ನಿಮ್ಮ ಬಲ್ಬಿನ ದೀಪಾನೇ ತಂತಿ ಸಮೇತ ಬಿಟ್ಟು ನೋಡಿದೆ. ರಾಡಿ ತಾಗೋವರೆಗೂ ಚೆಂದ ಉರೀತು. ಒಬ್ಬನೇ ಇಳಿಯೋ ಕ್ರಮ ಇಲ್ಲ ನಮ್ಮಲ್ಲಿ, ಸುಶೀಲ ಮಧ್ಯಾಹ್ನ ಊಟಕ್ಕೆ ಎಸ್ಟೇಟಿಂದ ಬರ್ತಾಳಲ್ಲ, ಅವಳು ಹಗ್ಗ ಹಿಡೀತಾಳೆ."

ಎಣ್ಣೆ ದೀಪ ಉರಿಯಲು ಗಾಳಿ ಬೇಕು, ಕೆಟ್ಟ ಗಾಳಿ ತುಂಬಿದ ಬಾವಿಯಲ್ಲಿ ಅದು ಆರುತ್ತದೆ, ಅದನ್ನು ನೋಡಿ ಮನುಷ್ಯ ಉಳಿಯುತ್ತಾನೆ. ನನ್ನ ಬಲ್ಬಿಗೆ ಗಾಳಿಯ ಹಂಗಿಲ್ಲ. ನೀರಿನೊಳಗೆ ಮುಳುಗಿಸಿದರೂ, ವಿಷದಲ್ಲಿ ಅದ್ದಿದರೂ ಅದು ಉರಿಯುತ್ತಲೇ ಇರುತ್ತದೆ. ಹತ್ತು ಅಡಿ ಆಳದ ಆ ಗುಂಡಿಯ ಅರ್ಧಕ್ಕೆ ಸೆಗಣಿ ರಾಡಿ ಇದೆ. ಉಳಿದರ್ಧದಲ್ಲಿ ತುಂಬಿರುವುದು ಅದರಿಂದ ಎದ್ದ ಗ್ಯಾಸು. ಅಲ್ಲಿ ಎರಡು ಸಲ ಉಸಿರೆಳೆದರೆ ಮನುಷ್ಯನಿಗೆ ಪ್ರಜ್ಞೆ ತಪ್ಪುತ್ತದೆ. ಸೆಪ್ಟೆಂಬರಿನಲ್ಲಿ ಆ ಗುಂಡಿಗೆ ಟಾರ್ಪಾಲು ಹೊದೆಸಿ, ಅಂಚಿಗೆ ಕೆಮ್ಮಣ್ಣು ಮೆತ್ತಿ, ಚೂರೂ ಗಾಳಿ ಹೋಗದಂತೆ ಮುಚ್ಚಿಸಿದವಳು ನಾನು. ಕರೆಂಟು ಹೆಚ್ಚಾಯಿತು ಎಂದು ಸಿಹಿ ಹಂಚಿದ್ದೂ ನಾನೇ.

ಫೋನು ಮಾಡಿದೆ. ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದಿತು. ಮತ್ತೆ ಮಾಡಿದೆ. ಶ್ರೀಧರಮೂರ್ತಿಯವರ ಮುಖದಲ್ಲಿ ನಗು ಹೋಗಿತ್ತು. "ನಮ್ಮ ಆಳುಗಳೂ ಮೊನ್ನೆ ಹಂಗೇ ಬಲ್ಬು ಬಿಟ್ಟು ನೋಡಿ ತೊಟ್ಟಿಗೆ ಇಳಿದಿದ್ರು. ಸೊಂಟದುದ್ದದ ತೊಟ್ಟಿ ಅಂತ ಬಚಾವು" ಎಂದು ಮೆಲ್ಲಗೆ ಹೇಳಿದರು. ಅವರ ಜೀಪು ಆಳುಗಳನ್ನು ಕರೆತರಲು ಹೋಗಿತ್ತು. ಬೈಕು ಹೊರಡಿಸಿ, ಹೊರಟೇಬಿಟ್ಟಿದ್ದ ಶೃಂಗೇರಿ ಬಸ್ಸನ್ನು ಅಡ್ಡ ಹಾಕಿ ನನ್ನನ್ನು ಹತ್ತಿಸಿದರು. "ಕೆರೆಕಟ್ಟೆ ಅಂಗಡಿಯವರ ನಂಬರ್ ಹುಡುಕಿ ಮಾಡ್ತಾ ಇರ್ತೀನಿ. ಶೃಂಗೇರಿಲಿ ಆಟೋ ಹಿಡೀರಿ, ಬಸ್ಸಿಗೆ ಕಾಯಬೇಡಿ" ಎಂದರು. ಗಂಟೆ ಹತ್ತಾಗಲು ಐದು ನಿಮಿಷವಿತ್ತು.

ಜಯಪುರದಿಂದ ಶೃಂಗೇರಿಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಆ ಬಸ್ಸು ಅಷ್ಟು ನಿಧಾನ ಹೋಗಬಹುದೆಂದು ನನಗೆ ಗೊತ್ತಿರಲಿಲ್ಲ. ಒಂದು ಕಡೆ ಡ್ರೈವರ್ ಯಾರದೋ ಮನೆಗೆ ಔಷಧಿಯ ಪೊಟ್ಟಣ ಕೊಟ್ಟು, ಅವರ ಆರೋಗ್ಯ ವಿಚಾರಿಸಿದ. ಇನ್ನೊಂದು ಕಡೆ ಹುಲ್ಲಿನ ಹೊರೆ ಮೇಲೇರಿಸಲು ಹತ್ತು ನಿಮಿಷ. ತಿರುವುಗಳಲ್ಲಿ ನಾನು ಕಣ್ಣು ಮುಚ್ಚಲಿಲ್ಲ. ಕಣ್ಣು ಮುಚ್ಚಿದರೆ ಗುಂಡಿ ಕಾಣುತ್ತಿತ್ತು. ನಾಗೇಶಣ್ಣ ಬೀಳುತ್ತಾರೆ, ಹಗ್ಗ ಬಿಗಿಯಾಗುತ್ತದೆ, ಸುಶೀಲ ಎಳೆಯಲಾರದೆ ಏಣಿ ಇಳಿಯುತ್ತಾಳೆ. ಇಬ್ಬರೂ ಕೆಳಗೆ ಮಲಗಿದ ಮೇಲೂ ಬಲ್ಬು ಉರಿಯುತ್ತಲೇ ಇರುತ್ತದೆ. ಇದೇ ಚಿತ್ರ ಮತ್ತೆ ಮತ್ತೆ ಬಂದು, ಕೈಯಿಂದ ಬಾಯಿ ಮುಚ್ಚಿಕೊಂಡೆ.

ಪಕ್ಕದಲ್ಲಿ ಕೂತ ಅಜ್ಜಿ ಸೆರಗಿನ ಗಂಟಿನಿಂದ ನಿಂಬೆಹಣ್ಣು ತೆಗೆದು ನನ್ನ ಕೈಗಿಟ್ಟರು. "ಮೂಸಿ ನೋಡಿ, ವಾಂತಿ ನಿಲ್ತದೆ."

"ವಾಂತಿ ಅಲ್ಲಮ್ಮ, ಹೆದರಿಕೆ."

"ಯಾರಿಗೆ ಹುಷಾರಿಲ್ಲ?"

"ಇನ್ನೂ ಯಾರಿಗೂ ಎಂತದ್ದೂ ಆಗಿಲ್ಲ" ಎಂದೆ. ಅಜ್ಜಿ ಅರ್ಥವಾಗದೆ ನನ್ನ ಮುಖ ನೋಡಿದರು. ಆದರೂ ಇಳಿಯುವವರೆಗೆ ನನ್ನ ಮೊಣಕೈ ಹಿಡಿದುಕೊಂಡೇ ಕೂತಿದ್ದರು.

ನಾನು ಕೊಟ್ಟು ಬಂದಿದ್ದ ಸೂಚನೆಯ ಹಾಳೆ ನೆನಪಾಯಿತು. ಮನೆಯ ಗೋಡೆಗೆ ಅಂಟಿಸಲು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ. ತಂತಿಗೆ ಜಂಗು ಹಿಡಿಯದಂತೆ ನೋಡಿಕೊಳ್ಳಿ, ಸೋಪಿನ ನೀರು ಸೇರಿಸಬೇಡಿ, ಟಾರ್ಪಾಲು ಹರಿದರೆ ತಿಳಿಸಿ ಎಂದೆಲ್ಲ ಇತ್ತು. ಸೂಕ್ಷ್ಮಜೀವಿಗಳ ಜೀವ ಕಾಯಲು ಬೇಕಾದುದೆಲ್ಲ ಇತ್ತು. ಗುಂಡಿಗೆ ಇಳಿಯಬೇಡಿ ಎಂಬ ಒಂದು ಸಾಲು ಇರಲಿಲ್ಲ. ಯಾರಾದರೂ ಇಳಿದಾರು ಎಂದು ನನಗೆ ಹೊಳೆದಿರಲೇ ಇಲ್ಲ. ಎಲ್ಲಕ್ಕೂ ಹೆದರುವ ನಾನು ಹೆದರಬೇಕಾದ ಒಂದಕ್ಕೆ ಹೆದರಿರಲಿಲ್ಲ.

ಶೃಂಗೇರಿಯಲ್ಲಿ ಇಳಿದಾಗ ಹನ್ನೊಂದು ಗಂಟೆ. ಯಾತ್ರಿಕರ ಬಸ್ಸುಗಳ ನಡುವೆ ದಾರಿ ಮಾಡಿಕೊಂಡು ವಿಚಾರಿಸಿದರೆ, ಕೆರೆಕಟ್ಟೆ ದಾರಿಯ ಬಸ್ಸು ಹನ್ನೆರಡೂವರೆಗೆ ಎಂದರು. ಆಟೋದವರು ಒಬ್ಬೊಬ್ಬರೂ ಅಷ್ಟು ದೂರ ಬರುವುದಿಲ್ಲ ಎಂದು ತಲೆಯಾಡಿಸಿದರು. ಅಲ್ಲೇ ಇಪ್ಪತ್ತು ನಿಮಿಷ ಹೋಯಿತು. ಕೊನೆಗೆ ದಿನೇಶ ಎಂಬವನು ಒಪ್ಪಿ, ಏಳುನೂರು ಕೇಳಿದ. ಹತ್ತಿ ಕೂತೆ. ವಿಷಯ ಹೇಳಿದ ಮೇಲೆ ಅವನು ಗೇರು ಬದಲಿಸಿದ.

ರಸ್ತೆ ಕಾಡಿನೊಳಗೆ ಹೊಕ್ಕಿತು. ಹಗಲು ಹನ್ನೊಂದೂವರೆಯಲ್ಲೂ ಅಲ್ಲಿ ತಂಪು. ಶ್ರೀಧರಮೂರ್ತಿಯವರ ಫೋನು ಒಮ್ಮೆ ಬಂದು, ಅಂಗಡಿಗೆ ಬೀಗ ಹಾಕಿದೆಯಂತೆ ಎಂಬಷ್ಟು ಕೇಳಿಸಿ ಕಡಿದುಹೋಯಿತು. ಅರ್ಧ ದಾರಿಯಲ್ಲಿ ಖಾಕಿ ಅಂಗಿಯ ಗಾರ್ಡೊಬ್ಬರು ಕೈ ಅಡ್ಡ ಹಿಡಿದರು. "ಮುಂದೆ ತಿರುವಲ್ಲಿ ಎರಡು ಆನೆ ಅವೆ. ದಾಟಲಿ, ಆಮೇಲೆ ಹೋಗಿ."

"ನಾವು ಮೆಲ್ಲಗೆ ಹೋಗ್ತೀವಿ, ಬಿಡಿ" ಎಂದೆ. ನನ್ನ ಬಾಯಿಂದಲೇ ಬಂದ ಮಾತು ಅದು.

ಗಾರ್ಡು ನನ್ನನ್ನು ನೋಡಿದರು. "ಜೀವದ ಆಸೆ ಇಲ್ಲವಾ ಮೇಡಂ?"

"ಅಲ್ಲೊಬ್ಬರ ಜೀವ ಹೋಗ್ತಾ ಇದೆ."

ಅವರು ಬಿಡಲಿಲ್ಲ, ಬಿಡದಿದ್ದುದೇ ಸರಿ. ಕಾಡಿನೊಳಗೆ ಬಿದಿರು ಮುರಿಯುವ ಸದ್ದು ಕೇಳುತ್ತಿತ್ತು. ದಿನೇಶ ಎಂಜಿನ್ ಆರಿಸಿದ. ನಾನು ಗಡಿಯಾರ ನೋಡುತ್ತಾ ಕೂತೆ. ಕಂಡದ್ದಕ್ಕೆ, ಕಾಣದ್ದಕ್ಕೆ ಎಂದು ಗಿರಿಜಮ್ಮ ಹೇಳಿದ್ದು ನೆನಪಾಗಿ ಅಳು ಬಂತು. ಹದಿನೈದು ನಿಮಿಷದ ಮೇಲೆ ಗಾರ್ಡು ಕೈ ಬೀಸಿದಾಗ ಹನ್ನೆರಡು ದಾಟಿತ್ತು.

ಕೆರೆಕಟ್ಟೆಯಲ್ಲಿ ರಸ್ತೆಯಿಂದ ನಾಗೇಶಣ್ಣನ ಮನೆಗೆ ಇಳಿಜಾರಿನ ಕಾಲುದಾರಿ. ಓಡಿದೆ ಎನ್ನುವುದಕ್ಕಿಂತ ಜಾರಿದೆ ಎನ್ನಬೇಕು, ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು. ಕೊಟ್ಟಿಗೆ ದಾಟಿದ ಕೂಡಲೇ ಗುಂಡಿ ಕಂಡಿತು. ಟಾರ್ಪಾಲು ಮಡಿಸಿ ಬದಿಗೆ ಹಾಕಿತ್ತು. ಕಟ್ಟೆಯ ಮೇಲೆ ಒಂದು ಕೆಂಪು ಟವೆಲ್ಲು, ಕೆಳಗೆ ಒಂದು ಜೊತೆ ಹವಾಯಿ ಚಪ್ಪಲಿ. ಸುಶೀಲ ಎರಡೂ ಕೈಯಲ್ಲಿ ಹಗ್ಗ ಹಿಡಿದು ಬಗ್ಗಿ ನಿಂತಿದ್ದಳು. ಏಣಿಯ ಮೇಲೆ ನಾಗೇಶಣ್ಣನ ತಲೆ ಮತ್ತು ಭುಜ ಮಾತ್ರ ಕಟ್ಟೆಯಿಂದ ಮೇಲಿದ್ದವು.

ಅವರ ಸೊಂಟಕ್ಕೆ ಕಟ್ಟಿದ್ದ, ಸುಶೀಲಳ ಕೈಯ ಹಗ್ಗಕ್ಕೆ ಕೈ ಹಾಕಿ, ಹಿಂದಕ್ಕೆ ಬಿದ್ದು ಮೈಭಾರವನ್ನೆಲ್ಲ ಬಿಟ್ಟು ಎಳೆದೆ. ನಾಗೇಶಣ್ಣನ ಎದೆ ಕಟ್ಟೆಗೆ ಬಡಿಯಿತು. ನನ್ನ ಹಿಂದೆಯೇ ಓಡಿ ಬಂದಿದ್ದ ದಿನೇಶ ಅವರ ತೋಳಿಗೆ ಕೈ ಹಾಕಿ ಮೇಲೆತ್ತಿದ.

"ಎಂತ ಮೇಡಂ ಇದು, ಹಿಂಗೆ ಎಳೆದ್ರೆ ಬೀಳ್ತೀನಲ್ಲ" ಎಂದು ನಾಗೇಶಣ್ಣ ಎದೆ ತಿಕ್ಕಿಕೊಂಡರು. ಅವರಿಗೆ ಸಿಟ್ಟು ಬಂದಿತ್ತು. ನಾನು ನೆಲದ ಮೇಲೆ ಕೂತಿದ್ದೆ.

ಸುಶೀಲ ನೀರು ತಂದಳು. ಕುಡಿದು, ಉಸಿರು ತಹಬಂದಿಗೆ ಬಂದ ಮೇಲೆ ಹೇಳಿದೆ. ಅವರು ನಂಬಲಿಲ್ಲ. "ದೀಪ ಉರೀತಾನೇ ಇದೆಯಲ್ಲ ಮೇಡಂ, ನೀವೇ ನೋಡಿ" ಎಂದು ಬೆರಳು ತೋರಿಸಿದರು. ದೂರದಿಂದಲೇ ಬಗ್ಗಿ ನೋಡಿದೆ. ರಾಡಿಯ ಮೇಲೆ ಗೇಣುದ್ದ ಎತ್ತರದಲ್ಲಿ ನನ್ನ ಬಿಳಿ ಬಲ್ಬು ತಣ್ಣಗೆ ಉರಿಯುತ್ತಿತ್ತು. ನಾನು ಮಾಡಿದ ಯಾವ ವಸ್ತುವನ್ನೂ ಕಂಡು ನನಗೆ ಅಷ್ಟು ಭಯವಾದದ್ದಿಲ್ಲ.

"ಹಂಗಾದ್ರೆ ಲಾಟೀನು ಬಿಟ್ಟು ನೋಡುವ" ಎಂದು ನಾಗೇಶಣ್ಣ ಎದ್ದರು. ಬೇಡ, ಬೆಂಕಿ ಹತ್ತಿರ ತರಬೇಡಿ, ಇದು ಹೊತ್ತಿಕೊಳ್ಳುವ ಗ್ಯಾಸು ಎಂದೆ. ಅವರು ನಿಂತರು. ಆ ಮಾತು ಮಾತ್ರ ಅವರಿಗೆ ತಟ್ಟಿತು. "ಹೌದು. ಇದರ ಗ್ಯಾಸಲ್ಲೇ ನಮ್ಮಮ್ಮ ಅಡುಗೆ ಮಾಡ್ತಿದ್ಲು" ಎಂದರು. ಆಮೇಲೆ ಗುಂಡಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು.

ಸುಶೀಲ ಗುಂಡಿಯೊಳಗಿನ ಬಲ್ಬಿನತ್ತ ನೋಡಿದಳು. "ಹಂಗಾದ್ರೆ ಆ ಬೆಳಕು ಎಂತ ಹೇಳ್ತಿತ್ತು ಮೇಡಂ?" ಎಂದು ಕೇಳಿದಳು.

"ಅದು ಉರಿಯೋದೇ ತಳದಲ್ಲಿ ಗಾಳಿ ಇಲ್ಲ ಅಂತ. ಉಸಿರಾಡೋಕೆ ಅಲ್ಲಿ ಎಂತದ್ದೂ ಇಲ್ಲ ಅಂತ ಹೇಳ್ತಿತ್ತು."

ಅವಳು ಕೈಯಲ್ಲಿದ್ದ ಹಗ್ಗವನ್ನು ನೋಡಿದಳು. "ಇವ್ರು ಬಿದ್ದಿದ್ರೆ ನಾನೂ ಇಳೀತಿದ್ದೆ" ಎಂದಳು. ಹಗ್ಗ ಸುತ್ತಿಡುತ್ತಾ, "ನಾನು ಹಗ್ಗ ಹಿಡಿದು ನಿಂತಾಗಿತ್ತು. ಇವ್ರು ಫೋನಲ್ಲಿ ಎಂತದೋ ಮಾತಾಡ್ತಾ ಹೊತ್ತು ಕಳೆದ್ರು. ಇಲ್ಲದಿದ್ರೆ ಆಗಲೇ ಇಳಿದಾಗ್ತಿತ್ತು" ಎಂದಳು. ನಾಗೇಶಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಊಟಕ್ಕೆ ಅನ್ನ, ಹುರುಳಿ ಸಾರು ಇತ್ತು. ನನಗೆ ನಾಲ್ಕು ತುತ್ತೂ ಇಳಿಯಲಿಲ್ಲ. ದಿನೇಶ ಉಂಡು ಶೃಂಗೇರಿಗೆ ಹಿಂದಿರುಗಿದ. ಆಮೇಲೆ ನಾಗೇಶಣ್ಣ ಹಲಸಿನಕಾಯಿ ಕೊಯ್ಯುವ ಉದ್ದನೆಯ ದೋಟಿ ತಂದರು. ಗಾಳಿ ಬೀಸುವ ಕಡೆ ಬೆನ್ನು ಹಾಕಿ, ಕಟ್ಟೆಗೆ ಮೈ ತಾಗಿಸದೆ, ಅದರ ಕೊಕ್ಕೆಯಿಂದ ಇದ್ದಿಲಿನ ಚೀಲವನ್ನು ಸಿಕ್ಕಿಸಿ ಮೇಲೆತ್ತಿದರು. ಇಷ್ಟು ಸುಲಭದ ಕೆಲಸ ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಮೇಲಿನ ಪದರ ಮಾತ್ರ ಕೆರೆದು, ಚೀಲಕ್ಕೆ ಶಾಶ್ವತವಾಗಿ ಒಂದು ಹಗ್ಗ ಕಟ್ಟಿ ಮತ್ತೆ ಇಳಿಬಿಟ್ಟೆವು. ಇನ್ನು ಮೇಲೆ ಯಾರೂ ಬಗ್ಗುವುದೂ ಬೇಡ. ಟಾರ್ಪಾಲಿನ ಅಂಚಿಗೆ ಮಣ್ಣು ಮೆತ್ತಿದ ಮೇಲೆ ಸುಶೀಲ ನನ್ನ ತಗಡಿನ ಡಬ್ಬಿಯಲ್ಲಿ ಕೈಯಾಡಿಸಿ ಒಂದು ಬಲ್ಬು ಆರಿಸಿದಳು.

"ಬಿಳಿದು ಬೇಡ. ಈ ಕೆಂಪು ಹಾಕಿ. ಕೆಂಪು ಕಂಡ್ರೆ ಯಾರೂ ಇಳಿಯಲ್ಲ."

ಕೆಂಪು ಬಲ್ಬಿಗೆ ಬಿಳಿಯದಕ್ಕಿಂತ ಕಡಿಮೆ ವೋಲ್ಟೇಜು ಸಾಕು. ಇದನ್ನು ನಾನು ವರ್ಷವರ್ಷವೂ ಮಕ್ಕಳಿಗೆ ಪಾಠ ಮಾಡುತ್ತೇನೆ. ನೋಡಲು ಚೆಂದ ಎಂದು ಮೂರೂ ಕಡೆ ಬಿಳಿಯದನ್ನೇ ಹಾಕಿದ್ದೆ. ಬದಲಿಸಿ, ತಂತಿಯನ್ನು ಗುಂಡಿಗೆ ಇಳಿಯದಷ್ಟು ಗಿಡ್ಡ ಮಾಡಿ ಕಂಬಕ್ಕೆ ಬಿಗಿದೆ. ಅರ್ಧ ಗಂಟೆ ಅದು ಸತ್ತಂತೆ ಇತ್ತು. ಆಮೇಲೆ ಮಿಣುಕಿ, ನಿಧಾನಕ್ಕೆ ಹೊತ್ತಿಕೊಂಡಿತು. ಗೋಡೆಯ ಹಾಳೆಯ ಮೇಲ್ಭಾಗದಲ್ಲಿ, ಗುಂಡಿಗೆ ಇಳಿಯಬೇಡಿ, ಯಾರಾದರೂ ಬಿದ್ದರೂ ಹಿಂದೆ ಇಳಿಯಬೇಡಿ ಎಂದು ಬರೆದೆ. ಅಕ್ಷರ ಸೊಟ್ಟಗೆ ಬಂತು.

ಮೂರೂಮುಕ್ಕಾಲರ ಬಸ್ಸಿಗೆ ಇಬ್ಬರೂ ರಸ್ತೆಯ ತಿರುವಿನವರೆಗೆ ಬಂದರು. ದಾರಿಯಲ್ಲಿ ನನ್ನ ಒಂಟಿ ಚಪ್ಪಲಿಯನ್ನು ನಾಗೇಶಣ್ಣ ಹುಡುಕಿಕೊಟ್ಟರು. ಬಸ್ಸು ಹೊರಟಾಗ ತಿರುಗಿ ನೋಡಿದೆ. ಸುಶೀಲ ಗಂಡನ ಅಂಗಿಯ ತುದಿ ಹಿಡಿದು ನಿಂತಿದ್ದಳು.

ಶೃಂಗೇರಿ ಬಸ್ಸುನಿಲ್ದಾಣದಲ್ಲಿ ಇಳಿದು, ಬಿಳಿ ಬಲ್ಬು ಬದಲಿಸಲು ಮತ್ತೆ ಜಯಪುರಕ್ಕೆ ಹೋಗುವ ಬಸ್ಸು ಕಾಯುತ್ತಿದ್ದೆ. ಫೋನು ಗುಯ್ಯೆಂದಿತು. ನಾಗೇಶಣ್ಣನ ಧ್ವನಿ ಸಂದೇಶ. ನನ್ನನ್ನು ಬಸ್ಸು ಹತ್ತಿಸಲು ತಿರುವಿಗೆ ಬಂದಾಗ ಅವರ ಫೋನಿಗೆ ಸಿಗ್ನಲ್ ಸಿಕ್ಕಿ, ಮಧ್ಯಾಹ್ನದಿಂದ ಹೋಗದೆ ಸಿಕ್ಕಿಕೊಂಡಿದ್ದ ಸಂದೇಶ ಹೊರಟು ಬಂದಿತ್ತು. ಕಿವಿಗಿಟ್ಟುಕೊಂಡೆ.

"ಮೇಡಂ, ಸುಶೀಲ ಬಂದ್ಲು, ಹಗ್ಗ ಹಿಡ್ಕಂಡು ನಿಂತಿದ್ದಾಳೆ. ದೀಪ ಚೆಂದ ಉರೀತಾ ಇದೆ. ನೀವು ಹೆದರಬೇಡಿ. ಈಗ ಇಳೀತೀನಿ."

ಅಷ್ಟೇ ಇತ್ತು. ಕೂಡಲೇ ಫೋನು ಮಾಡಿದೆ. ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದಿತು. ಅವರು ಇಳಿಯಲಿಲ್ಲ, ನಾನೇ ಕಣ್ಣಾರೆ ನೋಡಿ ಬಂದಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಎದೆ ಕೇಳಲಿಲ್ಲ. ಅಂಗೈ ಬಿಡಿಸಿ ನೋಡಿದೆ. ಹಗ್ಗ ಎಳೆದಲ್ಲಿ ಎದ್ದ ಕೆಂಪು ಗೀರು ಇನ್ನೂ ಉರಿಯುತ್ತಿತ್ತು. ಜಯಪುರದ ಬಸ್ಸು ಬರುವವರೆಗೂ ಅದನ್ನೇ ನೋಡುತ್ತಾ ಕೂತೆ.